ಇಳಿಜಾರು ಸೈಟು, ನೀರಂಚಿನ ಮನೆ: ಮಣ್ಣು ಉಳಿಸಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಚಿತ್ರದುರ್ಗದಲ್ಲಿ, ಗುಡ್ಡದ ಬುಡದ ಇಳಿಜಾರು ಸೈಟಿನಲ್ಲಿದೆ. ಅಕ್ಕನ ಮನೆ ಹರಿಹರದಲ್ಲಿ. ಹಿತ್ತಲು ದಾಟಿದರೆ ತುಂಗಭದ್ರೆ. ನಮ್ಮಲ್ಲಿ ಮಣ್ಣು ಮೇಲಿನಿಂದ ಇಳಿದುಹೋಗುತ್ತದೆ, ಅಕ್ಕನ ಮನೆಯಲ್ಲಿ ಕೆಳಗಿನಿಂದ ಕರಗಿಹೋಗುತ್ತದೆ. ಎರಡೂ ಕಡೆ ತಪ್ಪು ಮಾಡಿ, ದುಡ್ಡು ಕಳೆದುಕೊಂಡು, ಸ್ವಲ್ಪ ಕಲಿತಿದ್ದೇವೆ. ನಾನು ಎಂಜಿನಿಯರ್ ಅಲ್ಲ. ಆದರೆ ಹೊಸದಾಗಿ ಸೈಟು ತಗೊಂಡವರು, ಮನೆ ಕಟ್ಟಿಸುತ್ತಿರುವವರು ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮದು ಬರದ ಸೀಮೆ. ಮಳೆಯೇ ಇಲ್ಲದ ಕಡೆ ಮಣ್ಣು ಕೊಚ್ಚಿಹೋಗುವ ಚಿಂತೆ ಯಾಕೆ?

ವರ್ಷದ ಮಳೆ 600 ಮಿ.ಮೀ. ಆಸುಪಾಸು ಅನ್ನುವುದು ನಿಜ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇನ್ನೂ ಕಮ್ಮಿ. ಆದರೆ ಅದು ಬರುವ ರೀತಿ ನೋಡಿ. ತಿಂಗಳುಗಟ್ಟಲೆ ಒಂದು ಹನಿ ಇರುವುದಿಲ್ಲ. ಆಮೇಲೆ ಒಂದು ಸಂಜೆ ಗುಡುಗು ಹಾಕಿ ಒಂದೇ ಗಂಟೆಯಲ್ಲಿ 50 ಮಿ.ಮೀ. ಸುರಿದು ಹೋಗುತ್ತದೆ. ಅಷ್ಟೊತ್ತಿಗೆ ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ ನೆಲ ಬೋಳಾಗಿರುತ್ತದೆ. ಮಲೆನಾಡಿನಲ್ಲಿ ಇದರ ನಾಲ್ಕು ಪಟ್ಟು ಮಳೆ ಬಿದ್ದರೂ ನೆಲಕ್ಕೆ ಹಸಿರು ಹೊದಿಕೆ ಇರುತ್ತದೆ, ನಮ್ಮಲ್ಲಿ ಮಣ್ಣು ಬರಿಮೈಯಲ್ಲಿ ನಿಂತಿರುತ್ತದೆ. ದೊಡ್ಡ ಹನಿ ಸೆಕೆಂಡಿಗೆ 8-9 ಮೀಟರ್ ಓಟದಲ್ಲಿ ಬಂದು ಬಡಿಯುತ್ತದೆ. ಆ ಏಟಿಗೇ ಮಣ್ಣಿನ ಹೆಂಟೆ ಒಡೆದು ಹುಡಿಯಾಗುತ್ತದೆ. ಹೊತ್ತುಕೊಂಡು ಹೋಗುವ ಕೆಲಸ ಹರಿಯುವ ನೀರಿನದು.

ಮಣ್ಣು ಹೋಗ್ತಾ ಇದೆ ಅಂತ ಗೊತ್ತಾಗೋದು ಹೇಗೆ? ನಮ್ಮಲ್ಲಿ ಕೊರಕಲು ಏನೂ ಬಿದ್ದಿಲ್ಲ.

ಕೊರಕಲು ಬೀಳುವುದು ಕೊನೆಯ ಹಂತ. ಅದಕ್ಕೆ ಮುಂಚೆ ಮಣ್ಣು ಹಾಳೆ ಹಾಳೆಯಾಗಿ, ಸದ್ದಿಲ್ಲದೆ ಹೋಗಿರುತ್ತದೆ.

ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ನೋಡಿ. ಸಣ್ಣ ಸಣ್ಣ ಹರಳುಗಳು ನೆಲಕ್ಕೆ ತಾಗಿ ಕೂತಿರುವುದಿಲ್ಲ. ಒಂದೊಂದೂ ತನ್ನಷ್ಟೇ ಅಗಲದ ಪುಟ್ಟ ಮಣ್ಣಿನ ಕಂಬದ ಮೇಲೆ ಟೋಪಿ ಇಟ್ಟಂತೆ ನಿಂತಿರುತ್ತದೆ. ಹರಳು ಕೊಡೆಯ ಹಾಗೆ ತನ್ನ ಕೆಳಗಿನ ಮಣ್ಣನ್ನು ಕಾಪಾಡಿದೆ, ಸುತ್ತಲಿನದು ಹೋಗಿದೆ. ಆ ಕಂಬ ಎಷ್ಟು ಎತ್ತರ ಇದೆಯೋ ಅಷ್ಟು ಮಣ್ಣು ನಿಮ್ಮ ಸೈಟು ಬಿಟ್ಟಿದೆ ಅಂತ ಲೆಕ್ಕ. ಮೊದಲ ಸಲ ನಾನು ಅಳೆದಾಗ ಕಂಬ ಬೆರಳಿನ ಉಗುರಿನಷ್ಟು ಎತ್ತರ ಇತ್ತು, ಹತ್ತಿರ ಹತ್ತಿರ 1 ಸೆಂ.ಮೀ. ಸುಮ್ನೆ ಉಗುರಿನಷ್ಟು ಅಲ್ವಾ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. 30×40 ಅಡಿಯ ಸೈಟಿನ ತುಂಬ 1 ಸೆಂ.ಮೀ. ಅಂದರೆ ಸುಮಾರು 40 ಘನ ಅಡಿ ಮಣ್ಣು! ಅರ್ಧ ಟ್ರ್ಯಾಕ್ಟರ್ ಲೋಡಿಗೆ ಹತ್ತಿರ.

ಇನ್ನೂ ಕೆಲವು ಗುರುತುಗಳಿವೆ. ಗಿಡದ ಬೇರು ಮೇಲೆದ್ದು ಕಾಣುವುದು. ಪಾಯದ ಗೋಡೆಯಲ್ಲಿ ಹಳೆಯ ಮಣ್ಣಿನ ಗೆರೆ ಈಗಿನ ನೆಲಕ್ಕಿಂತ ಮೇಲಿರುವುದು. ಕಾಂಪೌಂಡಿನ ಕೆಳಗಿನ ಮೂಲೆಯಲ್ಲಿ ನುಣ್ಣನೆಯ ಒಂಡು ಕೂತಿರುವುದು.

ಹಾಗಾದರೆ ಮೊದಲು ತಡೆಗೋಡೆ ಕಟ್ಟಿಸಬೇಕಾ?

ಎಲ್ಲರೂ ಗೋಡೆಯಿಂದಲೇ ಶುರು ಮಾಡುತ್ತಾರೆ. ನಾವೂ ಹಾಗೇ ಮಾಡಿದ್ದು. ಗೋಡೆ ಇರುವುದು ಇಳಿಜಾರಿನ ಕೆಳಗೆ. ನೀರು ಓಟ ಹಿಡಿಯುವುದು ಮೇಲೆ. ಓಟ ಎರಡು ಪಟ್ಟಾದರೆ ನೀರಿನ ಕಸುವು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮೇಲೆ ಎರಡು ಗಂಟೆ ಕೆಲಸ ಮಾಡಿದರೆ ಕೆಳಗೆ ಎರಡು ಲಕ್ಷ ಉಳಿಯಬಹುದು.

ಜೋರು ಮಳೆ ಬರುವಾಗ ಕೊಡೆ ಹಿಡಿದು ಸೈಟು ಸುತ್ತಿ ಬನ್ನಿ. ಗುಡುಗು ಸಿಡಿಲಿದ್ದರೆ ಬೇಡ, ಕಿಟಕಿಯಿಂದ ನೋಡಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಕೆಂಪಾಗುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ? ಈ ಮೂರು ಜಾಗಕ್ಕೆ ಒಂದೊಂದು ಗೂಟ ಹೊಡೆಯಿರಿ. ನಮ್ಮಲ್ಲಿ ನೀರು ಕೆಂಪಾಗುತ್ತಿದ್ದದ್ದು ಗುಡ್ಡದ ಕಡೆ ಅಲ್ಲವೇ ಅಲ್ಲ. ನಮ್ಮದೇ ತಾರಸಿಯ ಪೈಪು ನೆಲಕ್ಕೆ ಬೀಳುವ ಜಾಗದಲ್ಲಿ. ಅಲ್ಲಿ ಬಕೆಟ್ಟು ಹಿಡಿಸುವಷ್ಟು ಗುಂಡಿಯಾಗಿತ್ತು.

ತಾರಸಿ ನೀರು ಅಷ್ಟೊಂದು ಇರುತ್ತದಾ?

1000 ಚದರ ಅಡಿಯ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,600 ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್ ನೀರು ಅದು. ಅಷ್ಟನ್ನೂ ಎರಡು ಪೈಪಿನಲ್ಲಿ ಒಂದೇ ಕಡೆ ಇಳಿಜಾರಿಗೆ ಬಿಟ್ಟರೆ ಯಾವ ಮಣ್ಣು ನಿಲ್ಲುತ್ತದೆ ಹೇಳಿ?

ಆ ನೀರನ್ನು ಎಲ್ಲಿಗೆ ಬಿಡಬೇಕು?

ಮೊದಲು ತೊಟ್ಟಿಗೆ, ಸಂಪಿಗೆ. ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ. ಅದೂ ತುಂಬಿದರೆ ಕಲ್ಲು ಹಾಸಿದ ಕಾಲುವೆಯಲ್ಲಿ ನಿಧಾನಕ್ಕೆ ಚರಂಡಿಗೆ.

ಇದರಲ್ಲಿ ಹೊಸದೇನೂ ಇಲ್ಲ. ದುರ್ಗದ ಕೋಟೆ ಹತ್ತಿದವರೆಲ್ಲ ನೋಡಿರುತ್ತಾರೆ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಅಷ್ಟು ಕಡಿದಾದ ಬಂಡೆಗುಡ್ಡದಲ್ಲಿ ನೀರು ಒಂದೇ ಏಟಿಗೆ ಕೆಳಗೆ ಧುಮುಕದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಇಳಿಸಿದ್ದಾರೆ. ನಮ್ಮ ಮನೆಯಲ್ಲೂ ಅದೇ ಲೆಕ್ಕ. ಗಾತ್ರ ಮಾತ್ರ ಚಿಕ್ಕದು.

ಇಂಗುಗುಂಡಿ ಎಲ್ಲಿ ತೋಡುತ್ತೀರಿ ಅನ್ನುವುದು ಮುಖ್ಯ. ಪಾಯದಿಂದ ಕಡೇಪಕ್ಷ 10 ಅಡಿ ದೂರ ಇರಲಿ. ತಡೆಗೋಡೆಯ ಹಿಂಭಾಗದಲ್ಲಿ, ಕಡಿದಾದ ಅಂಚಿನ ತಲೆಯ ಮೇಲೆ ಯಾವತ್ತೂ ಬೇಡ. ಅಲ್ಲಿ ನೀರು ಇಂಗಿಸಿದರೆ ನಾವೇ ಕುಸಿತಕ್ಕೆ ದಾರಿ ಮಾಡಿಕೊಟ್ಟಂತೆ.

ಪೈಪಿನ ನೀರು ಬೀಳುವ ಜಾಗಕ್ಕೆ ಒಂದು ಚಪ್ಪಡಿ ಇಟ್ಟು, ಸುತ್ತ ದಪ್ಪ ಜಲ್ಲಿ ಸುರಿಯಿರಿ. ಇಡೀ ಪಟ್ಟಿಯಲ್ಲಿ ಇಷ್ಟು ಅಗ್ಗದ ಕೆಲಸ ಬೇರೆ ಇಲ್ಲ.

ಮೇಲಿನ ಸೈಟಿನವರ ನೀರು ನಮ್ಮ ಸೈಟಿಗೆ ನುಗ್ಗುತ್ತದೆ. ಏನು ಮಾಡುವುದು?

ಜಗಳ ಆಡಬೇಡಿ. ನೀರಿಗೆ ಕಾಂಪೌಂಡು ಗೊತ್ತಿಲ್ಲ. ಸೈಟಿನ ಮೇಲಂಚಿನಲ್ಲಿ ಅಡ್ಡಲಾಗಿ ಒಂದು ಕಾಲುವೆ ತೆಗೆದು, ತೆಗೆದ ಮಣ್ಣನ್ನು ಕೆಳಗಿನ ಬದಿಗೆ ಏರಿಸಿ ಬದು ಮಾಡಿ. ಕಾಲುವೆಗೆ 100 ಅಡಿಗೆ ಅರ್ಧದಿಂದ ಒಂದು ಅಡಿ ಇಳಿಜಾರು ಸಾಕು. ಜಾಸ್ತಿ ಕೊಟ್ಟರೆ ಕಾಲುವೆಯೇ ಕೊರಕಲಾಗುತ್ತದೆ. ತಳಕ್ಕೆ ಗರಿಕೆ ಹಚ್ಚಿ, ಇಲ್ಲವೇ ಕಲ್ಲು ಹಾಸಿ. ನೀರು ಹೋಗಿ ಸೇರುವುದು ಚರಂಡಿಗೋ ಹಳ್ಳಕ್ಕೋ ಆಗಿರಬೇಕು. ಪಕ್ಕದವರ ಅಂಗಳಕ್ಕೆ ತಿರುಗಿಸಿದರೆ ನಾಳೆ ಅವರು ಇದೇ ಪ್ರಶ್ನೆ ಕೇಳಿಕೊಂಡು ಬರುತ್ತಾರೆ.

ಜೆಸಿಬಿ ತರಿಸಿ ಸೈಟು ಪೂರಾ ಸಮ ಮಾಡಿಸಿಬಿಡಲಾ?

ಒಂದು ದಿನದ ಬಾಡಿಗೆ ಕೊಟ್ಟು ಹತ್ತು ವರ್ಷದ ತಲೆನೋವು ತಗೊಂಡವರನ್ನು ನೋಡಿದ್ದೇನೆ. ಮೇಲೆ ಕಡಿದ ಮಣ್ಣನ್ನು ಕೆಳಗೆ ತುಂಬುತ್ತಾರೆ. ಕಡಿದ ಕಡೆ ಗೋಡೆಯಂತೆ ನಿಂತ ಅಂಚು, ತುಂಬಿದ ಕಡೆ ಸಡಿಲ ಮಣ್ಣು. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತರೆ ನಡುವೆ ಬಿರುಕು ಬಿಡುವುದು ಖಾತ್ರಿ. ತುಂಬಲೇಬೇಕಾದರೆ ಅರ್ಧ ಅರ್ಧ ಅಡಿ ಪದರ ಹಾಕಿ, ನೀರು ಹೊಡೆದು, ಪ್ರತಿ ಪದರಕ್ಕೂ ದಿಮ್ಮಸು ಮಾಡಿಸಿ, ಅಂದರೆ ಬಡಿದು ಗಟ್ಟಿ ಮಾಡಿಸಿ. ಜೆಸಿಬಿ ಚಕ್ರ ನಾಲ್ಕು ಸಲ ಓಡಾಡಿದರೆ ದಿಮ್ಮಸು ಆಗುವುದಿಲ್ಲ.

ಮೇಲ್ಪದರದ ಮಣ್ಣನ್ನು ಮೊದಲೇ ಬೇರೆ ಗುಡ್ಡೆ ಹಾಕಿಸಿಕೊಳ್ಳಿ. ಅದನ್ನು ಗರಸಿನ (ಹರಳು ತುಂಬಿದ ಒರಟು ಮಣ್ಣಿನ) ಜತೆ ಕಲಸಿಬಿಟ್ಟರೆ ಆಮೇಲೆ ಒಂದು ಹುಲ್ಲುಕಡ್ಡಿಯೂ ಏಳುವುದಿಲ್ಲ.

ಇಳಿಜಾರು ಎಷ್ಟಿದೆ ಅಂತ ನಾವೇ ಅಳೆಯಬಹುದಾ?

ಆರಾಮಾಗಿ. ಗಾರೆ ಮೇಸ್ತ್ರಿಗಳ ಹತ್ತಿರ ಲೆವೆಲ್ ನೋಡುವ ನೀರಿನ ಪಾರದರ್ಶಕ ಪೈಪು ಇರುತ್ತದೆ. ಎರಡು ತುದಿಗೆ ಇಬ್ಬರು ನಿಂತರೆ ಮೇಲಿನ ಮೂಲೆಗೂ ಕೆಳಗಿನ ಮೂಲೆಗೂ ಎಷ್ಟು ಅಡಿ ವ್ಯತ್ಯಾಸ ಅನ್ನುವುದು ಐದು ನಿಮಿಷದಲ್ಲಿ ಸಿಗುತ್ತದೆ. 40 ಅಡಿ ಉದ್ದಕ್ಕೆ 6 ಅಡಿ ಇಳಿದರೆ 15 ಪರ್ಸೆಂಟ್ ಇಳಿಜಾರು. ಅಷ್ಟಿದ್ದರೆ ಹುಲ್ಲು, ಬದು ಸಾಕು. ಮೂರು ಅಡಿಗೆ ಒಂದು ಅಡಿಗಿಂತ ಕಡಿದಾಗಿದ್ದರೆ ಮೆಟ್ಟಿಲು ಮಾಡುವ ಯೋಚನೆ ಮಾಡಿ.

ಮೆಟ್ಟಿಲು ಅಂದರೆ?

ಒಂದು ಎತ್ತರದ ಗೋಡೆಯ ಬದಲು ಎರಡು ಮೂರು ಗಿಡ್ಡ ಗೋಡೆ, ನಡುವೆ ಸಮತಟ್ಟು ಜಾಗ. 6 ಅಡಿಯ ಒಂದು ಗೋಡೆಗಿಂತ 2 ಅಡಿಯ ಮೂರು ಗೋಡೆ ಒಳ್ಳೆಯದು. ಎರಡು ಗೋಡೆಗಳ ನಡುವೆ, ಕೆಳಗಿನ ಗೋಡೆಯ ಎತ್ತರದ ಎರಡರಷ್ಟಾದರೂ ಜಾಗ ಬಿಡಿ. ತೀರಾ ಹತ್ತಿರ ಕಟ್ಟಿದರೆ ಮೇಲಿನದರ ಭಾರ ಕೆಳಗಿನದರ ಬೆನ್ನಿಗೆ ಬೀಳುತ್ತದೆ. ಸಮತಟ್ಟು ಜಾಗದಲ್ಲಿ ನಾವು ಕರಿಬೇವು, ನಿಂಬೆ, ಸೊಪ್ಪು ಹಾಕಿದ್ದೇವೆ.

ತಡೆಗೋಡೆ ಕಟ್ಟುವಾಗ ಏನು ನೋಡಬೇಕು?

ಇಲ್ಲಿ ನಮ್ಮ ಕಥೆ ಹೇಳಬೇಕು. 5 ಅಡಿ ಎತ್ತರದ ಸೈಜುಗಲ್ಲಿನ ಗೋಡೆ ಕಟ್ಟಿಸಿದೆವು. ಸಿಮೆಂಟು ತುಂಬಿ, ಮುಖಕ್ಕೆ ಪಾಯಿಂಟಿಂಗ್ ಮಾಡಿಸಿ, ನೋಡೋಕೆ ಬಲು ಚಂದ. ನೀರು ಹೋಗೋಕೆ ತೂತು ಬೇಡ್ವಾ ಅಂತ ಮೇಸ್ತ್ರಿಯನ್ನು ಕೇಳಿದೆ. “ತೂತು ಬಿಟ್ರೆ ಮಣ್ಣೆಲ್ಲ ಹೋಗುತ್ತೆ ಸಾರ್, ಇದು ಆನೆ ಗುದ್ದಿದ್ರೂ ಅಲ್ಲಾಡಲ್ಲ” ಅಂದರು. ಕೆಲಸದವರ ಮುಂದೆ ಜಾಸ್ತಿ ಮಾತಾಡೋದು ಬೇಡ ಅಂತ ನಾನೂ ಸುಮ್ಮನಾದೆ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ಚಿತ್ತೆ ಮಳೆ ಮೂರು ದಿನ ಹಿಡಿಯಿತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಗೋಡೆಯ ನಡು ಮಧ್ಯೆ ಹೊಟ್ಟೆ ಬಂದಿತ್ತು. ಕಲ್ಲಿನ ಸಂದಿಯಿಂದ ಕೆಂಪು ನೀರು ಬೆವರಿನಂತೆ ಜಿನುಗುತ್ತಿತ್ತು. ಒಂದು ಕಡ್ಡಿ ತಗೊಂಡು ಸಂದಿಗೆ ತೂರಿಸಿದೆ. ಚಿಮ್ಮಿದ ನೀರು ನನ್ನ ಅಂಗಿಗೆ ಹೊಡೆಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಧಡ್ ಅಂತ ಸದ್ದು. 12 ಅಡಿ ಉದ್ದದ ಗೋಡೆ ಕೆಳಗಿನ ರಸ್ತೆಯಲ್ಲಿ ಬಿದ್ದಿತ್ತು. ಆ ಹೊತ್ತಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಗೋಡೆ ಬಿದ್ದದ್ದು ಮಣ್ಣಿನ ಭಾರಕ್ಕಲ್ಲ, ಹಿಂದೆ ಸಿಕ್ಕಿಹಾಕಿಕೊಂಡ ನೀರಿಗೆ. ಗೋಡೆಯ ಹಿಂದೆ 5 ಅಡಿ ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೂ ಒಂದು ಟನ್‌ಗಿಂತ ಜಾಸ್ತಿ ತಳ್ಳು ಬೀಳುತ್ತದೆ. ಮಣ್ಣಿನದು ಅದರ ಮೇಲೆ ಬೇರೆ.

ಎರಡನೇ ಸಲ ಕಟ್ಟಿಸುವಾಗ ಎಂಜಿನಿಯರ್ ಒಬ್ಬರಿಂದ ಡ್ರಾಯಿಂಗ್ ತಗೊಂಡೆವು. 4 ಅಡಿ ಮೀರಿದರೆ ಅದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಪಾಯ ಗಟ್ಟಿ ನೆಲ ಸಿಗುವ ತನಕ ಹೋಯಿತು. ತಳದ ಅಗಲ ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಗೋಡೆಯ ಮುಖ ಗುಡ್ಡದ ಕಡೆಗೆ ವಾಲಿರುವಂತೆ, ಒಂದೊಂದು ಅಡಿ ಎತ್ತರಕ್ಕೆ ಎರಡು ಇಂಚಿನಷ್ಟು ಹಿಂದಕ್ಕೆ. ಹಿಂಭಾಗದಲ್ಲಿ ಒಂದು ಅಡಿ ಅಗಲಕ್ಕೆ ಬರೀ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಮಣ್ಣು ಜಲ್ಲಿಯ ಸಂದಿಗೆ ತುಂಬಿಕೊಂಡು ಎಲ್ಲ ಕಟ್ಟಿಕೊಳ್ಳುತ್ತದೆ. ನೆಲದಿಂದ ಅರ್ಧ ಅಡಿ ಮೇಲೆ, ಐದೈದು ಅಡಿಗೆ ಒಂದರಂತೆ 3 ಇಂಚಿನ ಪಿವಿಸಿ ಪೈಪು, ಹೊರಗಡೆಗೆ ಸ್ವಲ್ಪ ಇಳಿಜಾರು. ಮೇಲೆ ಇನ್ನೊಂದು ಸಾಲು.

ಎತ್ತರ 3 ಅಡಿ ಒಳಗಿದ್ದರೆ ಸಿಮೆಂಟೇ ಇಲ್ಲದ ಒಣಕಲ್ಲಿನ ಗೋಡೆ ನನಗೆ ಇಷ್ಟ. ನೀರು ತಾನೇ ಸೋರಿ ಹೋಗುತ್ತದೆ, ಸ್ವಲ್ಪ ಜರುಗಿದರೂ ಬೀಳುವುದಿಲ್ಲ. ಕಲ್ಲಿಗೆ ನಮ್ಮೂರಲ್ಲಿ ಬರವಿಲ್ಲ. ನಡುನಡುವೆ ಮುಖದಿಂದ ಒಳಮಣ್ಣಿನ ತನಕ ಹೋಗುವ ಉದ್ದನೆಯ ಕಲ್ಲು ಇಡಿಸಿ. ಕೆಲಸಗಾರರು ಇದನ್ನು ತಪ್ಪಿಸಲು ನೋಡುತ್ತಾರೆ, ಪಕ್ಕದಲ್ಲೇ ನಿಂತಿರಿ.

ನಮ್ಮದು ದಾವಣಗೆರೆ, ಎರೆ ಮಣ್ಣು. ಇದೇ ಲೆಕ್ಕ ನಡೆಯುತ್ತದಾ?

ಪೂರ್ತಿ ನಡೆಯುವುದಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷಾ ವರ್ಷಾ ಗೋಡೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಗೋಡೆಯ ಹಿಂದೆ ಎರೆ ಮಣ್ಣನ್ನೇ ವಾಪಸ್ ತುಂಬಬೇಡಿ, ಗರಸು ತರಿಸಿ ತುಂಬಿ. ಇಂಗುಗುಂಡಿಯೂ ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಣ್ಣು ಒಮ್ಮೆ ನೆನೆದು ಉಬ್ಬಿದ ಮೇಲೆ ನೀರು ಕೆಳಗಿಳಿಯುವುದೇ ಇಲ್ಲ. ತೊಟ್ಟಿ ದೊಡ್ಡದು ಮಾಡಿ, ಮಿಕ್ಕಿದ್ದನ್ನು ಚರಂಡಿಗೆ ಹರಿಯಲು ಬಿಡಿ.

ನಿಮ್ಮ ಮಣ್ಣು ಯಾವ ತರದ್ದು ಅಂತ ನೋಡಲು ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಅಲುಗಿಸಿ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ನುಣುಪು ಒಂಡು ಕೆಲವು ಗಂಟೆ ತಗೊಳ್ಳುತ್ತದೆ. ಮಾರನೇ ದಿನವೂ ನೀರು ಕದಡಿಕೊಂಡೇ ಇದ್ದರೆ ಜೇಡಿ ಜಾಸ್ತಿ ಅಂತ ಅರ್ಥ.

ಯಾವ ಹುಲ್ಲು, ಯಾವ ಗಿಡ ಹಾಕಬೇಕು?

ಒಂದೇ ಹೆಸರು ಹೇಳು ಅಂದರೆ ಲಾವಂಚ. ಮುಡಿವಾಳ ಅಂತಲೂ ಕರೆಯುತ್ತಾರೆ. ಬೇಸಿಗೆಯಲ್ಲಿ ಮಡಕೆ ನೀರಿಗೆ ಹಾಕುವ ಪರಿಮಳದ ಬೇರು ಇದರದೇ. ಉಳಿದ ಹುಲ್ಲುಗಳ ಬೇರು ಅಗಲಕ್ಕೆ ಹರಡಿದರೆ ಇದರದು ನೆಟ್ಟಗೆ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 3 ಮೀಟರ್ ತನಕ ಹೋಗುತ್ತದೆ. ಬುಡ ಒತ್ತೊತ್ತಾಗಿ ಬೆಳೆದು ಬೇಲಿಯಾಗುತ್ತದೆ. ನೀರು ಅದರೊಳಗೆ ಸೋಸಿಕೊಂಡು ನಿಧಾನಕ್ಕೆ ಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಎರಡು ಮೂರು ವರ್ಷದಲ್ಲಿ ಹಿಂಭಾಗ ತಾನೇ ಮೆಟ್ಟಿಲಿನಂತೆ ಸಮವಾಗುತ್ತದೆ.

ನೆಡುವ ರೀತಿ ತಪ್ಪಿದರೆ ಎಲ್ಲ ವ್ಯರ್ಥ. ಸಾಲು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹೋಗಬೇಕು. ಕಣ್ಣಂದಾಜು ನಂಬಬೇಡಿ, ಅದೇ ನೀರಿನ ಪೈಪಿನಲ್ಲಿ ಮಟ್ಟ ಹಿಡಿದು ಗೂಟ ಹೊಡೆಯಿರಿ. ಬುಡ ಸೀಳಿ ಎರಡು ಮೂರು ತೆಂಡೆ ಇರುವಂತೆ ಬಿಡಿಸಿಕೊಂಡು, ಗರಿಯನ್ನು ಒಂದು ಗೇಣು ಬಿಟ್ಟು ಕತ್ತರಿಸಿ, 4ರಿಂದ 6 ಇಂಚಿಗೆ ಒಂದರಂತೆ ಹಚ್ಚಿ. ಜಿಪುಣತನ ಮಾಡಿ ಒಂದೊಂದು ಅಡಿಗೆ ನೆಟ್ಟರೆ ನೀರು ಸಂದಿಯಲ್ಲೇ ನುಗ್ಗಿ ಅಲ್ಲೇ ಕೊರಕಲು ಮಾಡುತ್ತದೆ. ನಾನು ಮಾಡಿ ನೋಡಿದ್ದೇನೆ. ಸಾಲಿನಿಂದ ಸಾಲಿಗೆ ಎತ್ತರದಲ್ಲಿ ಮೂರರಿಂದ ಐದು ಅಡಿ ಅಂತರ ಇರಲಿ. ಎಳೆಯದಿದ್ದಾಗ ಮೇಕೆ ಮೇಯದಂತೆ ನೋಡಿಕೊಳ್ಳಿ, ಬಲಿತ ಮೇಲೆ ಅವೂ ಮೂಸುವುದಿಲ್ಲ.

ಸಾಲುಗಳ ನಡುವೆ ಗರಿಕೆ. ಪೂಜೆಗೆ ಕೀಳುವ ಅದೇ ಗರಿಕೆ. ದುಡ್ಡು ಕೊಟ್ಟು ತರುವ ಲಾನ್ ಹುಲ್ಲಿಗೆ ನಮ್ಮ ಬಿಸಿಲಲ್ಲಿ ನೀರು ಹಾಕಿ ಪೂರೈಸುವುದಿಲ್ಲ. ಪೊದೆ ಬೇಕಾದರೆ ಲಕ್ಕಿ ಗಿಡ, ಗೊಬ್ಬರದ ಗಿಡ. ಬೇಲಿ ಸಾಲಿಗೆ ಕತ್ತಾಳೆ. ಮರಕ್ಕೆ ಹೊಂಗೆ, ಬೇವು, ಆದರೆ ಇಳಿಜಾರಿನ ಬುಡಕ್ಕೋ ನಡುವಿಗೋ ಇರಲಿ. ಕಡಿದಾದ ಅಂಚಿನ ತುತ್ತತುದಿಯಲ್ಲಿ ದೊಡ್ಡ ಮರ ಬೇಡ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಅದು ಹಾರೆಯ ಹಾಗೆ ಮಣ್ಣನ್ನು ಮೀಟುತ್ತದೆ. ನೀಲಗಿರಿ ಕೆಳಗೆ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ, ಹಾಗಾಗಿ ನಾನಂತೂ ಹಾಕುವುದಿಲ್ಲ.

ಹುಲ್ಲು ಬೇರು ಬಿಡುವ ತನಕ ಮಣ್ಣನ್ನು ಹಿಡಿಯುವುದು ಹೇಗೆ?

ಹೊದಿಕೆ. ನಮ್ಮ ಕಡೆ ಇದಕ್ಕೆ ಏನೂ ಕಮ್ಮಿಯಿಲ್ಲ. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ, ದಾವಣಗೆರೆಯಲ್ಲಿ ಮೆಕ್ಕೆಜೋಳದ ದಂಟು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ. ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಾಕುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಮೂರು ಇಂಚು ದಪ್ಪ ಹರಡಿದರೆ ಹನಿಯ ಏಟು ಮಣ್ಣಿಗೆ ತಾಗುವುದೇ ಇಲ್ಲ. ಶೇಂಗಾ ಸಿಪ್ಪೆ ಹಗುರ, ನೀರಿಗೆ ತೇಲಿ ಹೋಗುತ್ತದೆ. ಅದರ ಮೇಲೆ ದಂಟು ಅಡ್ಡಡ್ಡ ಹಾಕಿ.

ಕಡಿದಾದ ಜಾಗಕ್ಕೆ ತೆಂಗಿನ ನಾರಿನ ಬಲೆ ಸಿಗುತ್ತದೆ. ಮೇಲಂಚಿನಲ್ಲಿ ಒಂದು ಅಡಿ ಗುಂಡಿ ತೆಗೆದು ಬಲೆಯ ತುದಿ ಹೂತು, ಕೆಳಗೆ ಹಾಸಿಕೊಂಡು ಬಂದು, ಬಿದಿರಿನ ಗೂಟ ಹೊಡೆಯಬೇಕು. ನೆಲಕ್ಕೆ ಅಂಟಿಕೊಂಡಿರಬೇಕು, ಚಾದರದಂತೆ ಮೇಲೆ ತೇಲುತ್ತಿದ್ದರೆ ಕೆಳಗೇ ನೀರು ಹರಿಯುತ್ತದೆ. ಎರಡು ಮೂರು ವರ್ಷಕ್ಕೆ ಕೊಳೆತು ಮಣ್ಣಾಗುತ್ತದೆ. ಅಷ್ಟರಲ್ಲಿ ಹುಲ್ಲು ಕೆಲಸ ವಹಿಸಿಕೊಂಡಿರುತ್ತದೆ.

ಇಳಿಜಾರಿಗೆಲ್ಲ ಸಿಮೆಂಟ್ ಬಳಿದುಬಿಟ್ಟರೆ?

ಒಳಗೆ ನೀರು ಸೇರಿ ಎರಡು ವರ್ಷಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ಬೇಡ.

ನಮ್ಮ ಮನೆ ಹೊಳೆ ದಂಡೆಯಲ್ಲಿದೆ. ದಂಡೆ ಕುಸಿಯುವುದು ಪ್ರವಾಹದಲ್ಲೇ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಭದ್ರಾ, ಗಾಜನೂರು ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹೊನ್ನಾಳಿ, ಹರಿಹರದಲ್ಲಿ ಹೊಳೆ ಏರುತ್ತದೆ. ಅಕ್ಕನ ಮನೆಯವರು ರಾತ್ರಿಯೆಲ್ಲ ಟಾರ್ಚ್ ಹಿಡಿದು ಹಿತ್ತಲಿನ ಮೆಟ್ಟಿಲು ಎಣಿಸುತ್ತಾ ಕೂರುತ್ತಾರೆ. ಒಂದು ವರ್ಷ ಹೀಗೇ ಆಗಿ, ನೀರು ಇಳಿಯಿತು ಅಂತ ಭಾವ ಫೋನ್ ಮಾಡಿ ನಿಟ್ಟುಸಿರು ಬಿಟ್ಟರು. ಹಿತ್ತಲಿನ ಹತ್ತು ಅಡಿ ಹೋದದ್ದು ಅದರ ಮಾರನೇ ದಿನ, ಬಿಸಿಲಿನಲ್ಲಿ. ಜತೆಗೆ ಎರಡು ತೆಂಗಿನ ಮರ ಬುಡ ಸಮೇತ ಮಗುಚಿದವು.

ಕಾರಣ ಸರಳ. ಹೊಳೆ ತುಂಬಿದ್ದಾಗ ದಂಡೆಯ ಮಣ್ಣೂ ನೀರು ಕುಡಿದು ಭಾರವಾಗಿರುತ್ತದೆ. ಹೊಳೆಯ ನೀರೇ ಅದಕ್ಕೆ ಹೊರಗಿನಿಂದ ಒರಗು ಕೊಟ್ಟಿರುತ್ತದೆ. ಹೊಳೆ ಬೇಗ ಇಳಿದರೆ ಆ ಒರಗು ತಪ್ಪುತ್ತದೆ, ಒಳಗಿನ ನೀರು ಮಾತ್ರ ಅಷ್ಟು ಬೇಗ ಹೊರಬರುವುದಿಲ್ಲ. ಆಗ ದಂಡೆ ಹೋಳು ಹೋಳಾಗಿ ಜಾರುತ್ತದೆ. ಆದ್ದರಿಂದ ನೀರು ಇಳಿದ ಮೊದಲ ಮೂರು ನಾಲ್ಕು ದಿನ ಅಂಚಿಗೆ ಹೋಗಬೇಡಿ, ಮಕ್ಕಳನ್ನು, ದನಗಳನ್ನು ಬಿಡಬೇಡಿ.

ಹೊಳೆ ತಿರುವಿನ ಹೊರಮಗ್ಗುಲಲ್ಲಿ ಮನೆ ಇದ್ದರೆ ಕೊರೆತ ಜಾಸ್ತಿ. ಒಳಮಗ್ಗುಲಲ್ಲಿ ಮರಳು ಕೂರುತ್ತದೆ. ಸೈಟು ನೋಡಲು ಹೋದಾಗ ಎದುರು ದಂಡೆಯಲ್ಲಿ ಮರಳದಿನ್ನೆ ಕಂಡು ಎಷ್ಟು ಚಂದ ಅನ್ನಿಸಿದರೆ, ನೀವು ನಿಂತಿರುವುದು ಕೊರೆಯುವ ಮಗ್ಗುಲಲ್ಲಿ ಅಂತ ತಿಳಿಯಿರಿ. ಹತ್ತಿರದಲ್ಲಿ ಮರಳು ತೆಗೆದಿದ್ದರೆ ದಂಡೆಯ ಕಾಲೇ ಸಡಿಲವಾಗಿರುತ್ತದೆ.

ದಂಡೆಗೆ ಟಿಪ್ಪರಿನಲ್ಲಿ ಕಲ್ಲು ತಂದು ಸುರಿದರೆ ಸಾಕಾ?

ಭಾವ ಅದನ್ನೂ ಮಾಡಿದರು. ಮುಂದಿನ ಮಳೆಗಾಲಕ್ಕೆ ಕಲ್ಲೆಲ್ಲ ಕೆಸರಿನಲ್ಲಿ ಮುಳುಗಿತ್ತು. ಕಲ್ಲಿನ ಸಂದಿಯಿಂದ ಮಣ್ಣು ಸೋರಿಹೋಗಿ ಕಲ್ಲು ಕೆಳಗಿಳಿದಿದೆ, ಅಷ್ಟೇ.

ಕೆರೆ ಏರಿಯ ಕಲ್ಲುಹಾಸು, ಅಂದರೆ ರಿವಿಟ್‌ಮೆಂಟ್ ನೋಡಿದ್ದೀರಲ್ಲ. ಅದರಲ್ಲೂ ಕಲ್ಲಿನ ಕೆಳಗೆ ಜಲ್ಲಿ, ಮರಳಿನ ಪದರ ಇರುತ್ತದೆ. ಮೊದಲು ದಂಡೆಯನ್ನು ಎರಡು ಅಡಿಗೆ ಒಂದು ಅಡಿ ಇಳಿಯುವಷ್ಟು ಓರೆ ಮಾಡಬೇಕು. ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಅಥವಾ ಮರಳು, ಜಲ್ಲಿ. ಅದರ ಮೇಲೆ ಮೂಲೆಗಳಿರುವ ಒರಟು ಕಲ್ಲು, ಒಂದಕ್ಕೊಂದು ಕಚ್ಚಿಕೊಳ್ಳುವಂತೆ. ಗುಂಡು ಕಲ್ಲು ಉರುಳಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬುಡದಲ್ಲಿ ಕಾಲುವೆ ತೋಡಿ ಅತಿ ದೊಡ್ಡ ಕಲ್ಲುಗಳನ್ನು ಅದರಲ್ಲಿ ಹೂಳಬೇಕು. ಬುಡ ಹೋದರೆ ಮೇಲಿನದು ಎಷ್ಟು ಗಟ್ಟಿ ಇದ್ದೂ ಪ್ರಯೋಜನವಿಲ್ಲ. ತಂತಿ ಬಲೆಯ ಪೆಟ್ಟಿಗೆಯಲ್ಲಿ ಕಲ್ಲು ತುಂಬಿ ಜೋಡಿಸುವುದೂ ಒಳ್ಳೆಯದು, ಮಣ್ಣು ಸ್ವಲ್ಪ ಕುಗ್ಗಿದರೂ ಅದರ ಜತೆಗೇ ಬಾಗುತ್ತದೆ.

ನೀರಿನ ಮಟ್ಟಕ್ಕಿಂತ ಮೇಲೆ ಲಾವಂಚ, ಬಿದಿರು, ಹೊಳೆಮತ್ತಿ, ನೇರಳೆ. ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿ ಇಡುವುದು ತುರ್ತಿಗೆ ಮಾತ್ರ. ಬಿಸಿಲಿಗೆ ಕೆಲವೇ ತಿಂಗಳಲ್ಲಿ ಚೀಲ ಪುಡಿಯಾಗುತ್ತದೆ.

ಕೆರೆ ಅಂಚಿನ ಸೈಟು. ನಿಂತ ನೀರು ಮಣ್ಣು ಕೊರೆಯುತ್ತದಾ?

ಅಲೆ ಕೊರೆಯುತ್ತದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಸೂಳೆಕೆರೆಯಂಥ ದೊಡ್ಡ ಕೆರೆಯಲ್ಲಿ ಪೂರ್ವ, ಈಶಾನ್ಯದ ಅಂಚಿಗೆ ಹಗಲು ರಾತ್ರಿ ಅಲೆ ಬಡಿಯುತ್ತದೆ. ಅಂಚಿನಲ್ಲಿ ಜೊಂಡು, ಆಪು ಬೆಳೆದಿದ್ದರೆ ಅಲೆಯ ಹೊಡೆತ ಅಲ್ಲೇ ಮುರಿಯುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಕೆರೆ ತುಂಬಿದರೆ ನೀರು ಎಲ್ಲಿಯ ತನಕ ಬರುತ್ತದೆ ಅನ್ನುವುದು. ಹತ್ತು ವರ್ಷ ನೀರು ಬಂದಿಲ್ಲ ಅನ್ನುವ ಮಾತು ನಂಬಬೇಡಿ. 1907ರಲ್ಲಿ ಮುಗಿದ, ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದು. ಮೂರು ತಲೆಮಾರು ಮುಳುಗದಿದ್ದ ಜಾಗವೂ ನೀರಾಯಿತು. ಕೋಡಿಯ ಮಟ್ಟ ಎಷ್ಟು, ನಿಮ್ಮ ಪಾಯದ ಮಟ್ಟ ಎಷ್ಟು ಅನ್ನುವುದನ್ನು ಸರ್ವೆಯವರಿಂದ ಅಳೆಸಿ. ಪಾಯ ಕೋಡಿಗಿಂತ ಕೆಳಗಿದ್ದರೆ ಯಾವ ಹುಲ್ಲೂ ಯಾವ ಗೋಡೆಯೂ ಉಳಿಸುವುದಿಲ್ಲ.

ಜೊಂಡು ನೋಡೋಕೆ ಚೆನ್ನಾಗಿರಲ್ಲ, ಸೊಳ್ಳೆ ಬೇರೆ. ಕಿತ್ತುಹಾಕಲಾ?

ನೀರಿಗಿಳಿಯಲು ನಾಲ್ಕು ಅಡಿ ದಾರಿ ಮಾಡಿಕೊಳ್ಳಿ. ಉಳಿದದ್ದು ಇರಲಿ.

ದಂಡೆ ಕೆಲಸಕ್ಕೆ ಅನುಮತಿ ಬೇಕಾ?

ನಿಮ್ಮ ಗಡಿಯೊಳಗೆ ಹುಲ್ಲು ನೆಡಲು ಯಾರ ಅಪ್ಪಣೆಯೂ ಬೇಡ. ಆದರೆ ಕೆರೆ ಅಂಗಳ, ಹಳ್ಳ, ಹೊಳೆಯ ಪಾತ್ರ ಸರ್ಕಾರದ್ದು. ಅಲ್ಲಿ ಕಲ್ಲು ಸುರಿಯುವುದು, ಮಣ್ಣು ತುಂಬುವುದು ಒತ್ತುವರಿ ಆಗುತ್ತದೆ. ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಿಕೊಳ್ಳಿ. 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟಿರುವ ಕೆರೆಗಳನ್ನು ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತದೆ, ಚಿಕ್ಕ ಕೆರೆಗಳು ಪಂಚಾಯಿತಿ ಕಡೆ ಬರುತ್ತವೆ. ಕೆರೆಯಿಂದ ಎಷ್ಟು ದೂರ ಬಿಡಬೇಕು ಅನ್ನುವ ನಿಯಮವನ್ನು ಪ್ಲಾನ್ ಮಂಜೂರು ಮಾಡುವ ಕಚೇರಿಯಲ್ಲೇ ಬರವಣಿಗೆಯಲ್ಲಿ ಕೇಳಿ. ದಾವಣಗೆರೆ, ಹರಿಹರದವರಿಗೆ ಅದು ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ). ಬ್ರೋಕರ್ ಬಾಯಿಮಾತು ಲೆಕ್ಕಕ್ಕಿಲ್ಲ.

ಇನ್ನೊಂದು ವಿಷಯ. ನಿಮ್ಮ ದಂಡೆಗೆ ಮಾತ್ರ ನೆಟ್ಟಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ನೀರಿನ ಹೊಡೆತ ಗೋಡೆ ಮುಗಿಯುವ ಜಾಗಕ್ಕೆ, ಅಂದರೆ ಪಕ್ಕದವರ ಹಿತ್ತಲಿಗೆ ಹೋಗುತ್ತದೆ. ನಾಲ್ಕು ಮನೆಯವರು ಸೇರಿ ಮಾಡಿದರೆ ಖರ್ಚೂ ಕಮ್ಮಿ, ಮನಸ್ತಾಪವೂ ಇಲ್ಲ.

ಸಲಹೆ, ಸಸಿ ಎಲ್ಲಿ ಸಿಗುತ್ತದೆ?

ಚಿತ್ರದುರ್ಗ ಜಿಲ್ಲೆಯವರು ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೊಂಗೆ, ಬೇವು, ನೇರಳೆಗೆ ಅರಣ್ಯ ಇಲಾಖೆಯ ನರ್ಸರಿ. ಲಾವಂಚ ಯಾರ ಹಿತ್ತಲಲ್ಲಾದರೂ ಇದ್ದರೆ ಒಂದು ಬುಡ ಕೇಳಿ ತಂದು ಬೆಳೆಸಿಕೊಳ್ಳಿ, ಒಂದು ಮಳೆಗಾಲ ಕಳೆದರೆ ಹತ್ತಿಪ್ಪತ್ತು ಬುಡ ಆಗುತ್ತದೆ.

ಯಾವ ತಿಂಗಳಲ್ಲಿ ಕೆಲಸ ಹಿಡಿಯಬೇಕು?

ಕಲ್ಲು, ಗೋಡೆ, ಕಾಲುವೆ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ. ಹೊಳೆ, ಕೆರೆ ಅಂಚಿನದೂ ಆಗಲೇ, ನೀರು ತಳ ಸೇರಿರುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳ ಭರಣಿ, ಕೃತ್ತಿಕೆಯ ಅಡ್ಡಮಳೆ ಬರುವ ಮುಂಚೆ ಹೊದಿಕೆ ಹಾಸಿ ಮುಗಿಸಿ. ಲಾವಂಚ, ಗರಿಕೆಯನ್ನು ಜೂನಿನ ಮೃಗಶಿರ, ಆರಿದ್ರಾ ಹೊತ್ತಿಗೆ ನೆಡಿ. ಸೆಪ್ಟೆಂಬರ್, ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆಯ ದೊಡ್ಡ ಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಗೋಡೆ ಬೀಳುವುದೂ ಹೆಚ್ಚಾಗಿ ಆ ದೊಡ್ಡ ಮಳೆಯಲ್ಲೇ.

ಕುಸಿಯುವ ಮುನ್ಸೂಚನೆ ಏನಾದರೂ ಇರುತ್ತದಾ?

ಇಳಿಜಾರಿನ ತಲೆಯಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು. ಬೇಲಿ ಕಂಬ, ಕರೆಂಟು ಕಂಬ ವಾಲುವುದು. ಚೆನ್ನಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು. ಗೋಡೆಯ ತೂತಿನಿಂದ ಬರುತ್ತಿದ್ದ ತಿಳಿನೀರು ಕದಡಾಗುವುದು, ಅಥವಾ ಜೋರು ಮಳೆಯಲ್ಲೂ ಪೂರ್ತಿ ನಿಂತುಹೋಗುವುದು. ಇವು ಕಂಡರೆ ಬಿರುಕಿಗೆ ತಾಡಪಾಲು ಹೊದಿಸಿ, ತಾರಸಿ ನೀರು ಆ ಕಡೆ ಹೋಗದಂತೆ ಮಾಡಿ, ಆ ರಾತ್ರಿ ಬೇರೆ ಕಡೆ ಮಲಗಿ. ಎಂಜಿನಿಯರ್ ನೋಡಿದ ಮೇಲೆ ವಾಪಸ್ ಬನ್ನಿ.

ಒಮ್ಮೆ ಮಾಡಿದರೆ ಮುಗಿಯಿತಾ?

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಅರ್ಧ ದಿನ ಇಡಿ. ಕಾಲುವೆಯ ಒಂಡು ತೆಗೆಯಿರಿ. ಲಾವಂಚವನ್ನು ಮೊಣಕಾಲುದ್ದಕ್ಕೆ ಕೊಯ್ದು ಆ ಗರಿಯನ್ನೇ ಹೊದಿಕೆ ಮಾಡಿ. ಸಾಲಿನಲ್ಲಿ ಸತ್ತ ಬುಡ ಇದ್ದರೆ ಹೊಸದು ಸೇರಿಸಿ. ಗೋಡೆಯ ತೂತುಗಳಿಗೆ ಒಂದು ಉದ್ದನೆಯ ಕಡ್ಡಿ ಹಾಕಿ ಆಡಿಸಿ. ನಮ್ಮ ಗೋಡೆಯ ಮೂರನೇ ತೂತಿನಲ್ಲಿ ಈ ವರ್ಷ ಓತಿಕ್ಯಾತ ಮನೆ ಮಾಡಿಕೊಂಡಿದೆ. ಅದೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಆಡಿಸಿದ್ದೇನೆ.